ಏಳು ಈರುಳ್ಳಿ

ಒಂದು ಬೇಹುಗಾರಿಕೆಯ ಕಾದಂಬರಿ ಬರೆಯಲು ಹೆಚ್ಚೇನೂ ಖರ್ಚಿಲ್ಲ. ಎರಡು ರೀಮು ಕಾಗದಕ್ಕೆ ಆರು ಪೌಂಡು. ಟೈಪ್‌ರೈಟರಿಗೆ ರಿಬ್ಬನ್ ಮೂರು ಬೇಕು, ಒಂದಕ್ಕೆ ಒಂದೂಕಾಲು ಪೌಂಡು. ಕಾರ್ಬನ್ ಹಾಳೆ ಒಂದು ಡಬ್ಬಿ. ಚಳಿಗಾಲದಲ್ಲಿ ಬರೆಯುವವನಾದರೆ ಹಿತ್ತಲಿನ ಶೆಡ್ಡಿಗೊಂದು ಸೀಮೆಎಣ್ಣೆ ಒಲೆ, ಅದಕ್ಕೆ ವಾರಕ್ಕೊಂದು ಗ್ಯಾಲನ್. ಪೈಪಿನ ತಂಬಾಕು ಮಾತ್ರ ಸ್ವಲ್ಪ ಕೈ ಕಚ್ಚುತ್ತದೆ. ಬರೆದು ಮುಗಿದ ಮೇಲೆ ರಿಜಿಸ್ಟರ್ಡ್ ಅಂಚೆ, ಅದೂ ಹೋಗುವುದಕ್ಕೆ ಮಾತ್ರ; ಬರುವುದರ ಖರ್ಚು ಸರ್ಕಾರದ್ದು. ಎಲ್ಲ ಸೇರಿ ಐವತ್ತು ಅರವತ್ತು ಪೌಂಡಿನಲ್ಲಿ ಒಬ್ಬ ಮನುಷ್ಯ ಯುರೋಪಿನ ಮೂರು ರಾಜಧಾನಿ ಸುತ್ತಿ, ಒಂಬತ್ತು ಜನರನ್ನು ಕೊಂದು, ಇಬ್ಬರನ್ನು ಗಡಿ ದಾಟಿಸಿ, ಮಧ್ಯಾಹ್ನಕ್ಕೆ ಅಡುಗೆಮನೆಗೆ ಬಂದು ಮೊಟ್ಟೆ ಬೇಯಿಸಿಕೊಂಡು ತಿನ್ನಬಹುದು.

ಡೆಸ್ಮಂಡ್ ಹ್ಯಾಲಮ್ ಹದಿನಾಲ್ಕು ವರ್ಷಗಳಲ್ಲಿ ಹೀಗೆ ಹನ್ನೊಂದು ಪುಸ್ತಕ ಬರೆದಿದ್ದ. ಇಂಗ್ಲೆಂಡಿನ ಪೂರ್ವ ಕರಾವಳಿಯ ಥಾರ್ನ್‌ವಿಕ್ ಎಂಬ ಸಣ್ಣ ಊರಿನಲ್ಲಿ ಅವನ ಮನೆ. ಬೇಸಗೆಯ ಆರು ವಾರ ಸಮುದ್ರಸ್ನಾನದವರು ಬಂದು ಗದ್ದಲವೆಬ್ಬಿಸಿ ಹೋಗುತ್ತಿದ್ದರು. ಉಳಿದ ದಿನ ಗಾಳಿ, ಕಡಲಹಕ್ಕಿ, ಮತ್ತು ಅಂಚೆ ಕಚೇರಿಯ ಮಿಸೆಸ್ ಟಪ್ಪರ್.

ಅದಕ್ಕೆ ಮೊದಲು ಇಪ್ಪತ್ಮೂರು ವರ್ಷ ಅವನು ಆಫೀಸಿನಲ್ಲಿದ್ದ. ಯಾವ ಆಫೀಸು ಎಂದು ಅಲ್ಲಿದ್ದವರು ಯಾರೂ ಹೇಳುವುದಿಲ್ಲ, ಆಫೀಸು ಅಂದರೆ ಆಯಿತು. ಸೇರುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಹಿ ಕೆಲಸ ಬಿಟ್ಟ ಮೇಲೂ ಬಿಡುವುದಿಲ್ಲ. ಕಥೆ ಬರೆಯಲಿ, ಅಡುಗೆ ಪುಸ್ತಕ ಬರೆಯಲಿ, ಪ್ರಕಾಶಕನ ಕಣ್ಣಿಗೆ ಬೀಳುವ ಮೊದಲು ಅದು ಆಫೀಸಿನ ಕಣ್ಣಿಗೆ ಬೀಳಬೇಕು. ಹಾಗಾಗಿ ಪ್ರತಿ ಪುಸ್ತಕದ ಹಸ್ತಪ್ರತಿಯನ್ನೂ ಹ್ಯಾಲಮ್ ಲಂಡನ್ನಿನ ಒಂದು ಅಂಚೆಪೆಟ್ಟಿಗೆಯ ನಂಬರಿಗೆ ಕಳಿಸುತ್ತಿದ್ದ. ಆರು ವಾರಕ್ಕೆ ಅದು ವಾಪಸು ಬರುತ್ತಿತ್ತು. ಯಾರು ಓದಿದರು ಎಂಬುದಕ್ಕೆ ಹೆಸರಿಲ್ಲ, ಸಹಿಯಿಲ್ಲ. ಅಂಚಿನಲ್ಲಿ ಹಸಿರು ಪೆನ್ಸಿಲಿನ ಗುರುತು ಮಾತ್ರ.

ಮೊದಲ ಪುಸ್ತಕದಲ್ಲಿ ಹನ್ನೆರಡು ಕಡೆ ಗೆರೆ, ಹನ್ನೆರಡು ಕಡೆಯೂ ಒಂದೇ ಮಾತು: ‘ಬೇಡ.’ ಅವನಿಗೆ ಸಿಟ್ಟು ಬಂದಿತ್ತು. ಎರಡನೆಯದರಲ್ಲಿ, ‘ಈ ಬೀದಿಯಲ್ಲಿ ಟ್ರಾಮ್ ಓಡುವುದಿಲ್ಲ’ ಎಂದಿತ್ತು. ಹೋಗಿ ನಕಾಶೆ ನೋಡಿದ; ಓಡುತ್ತಿರಲಿಲ್ಲ. ಮೂರನೆಯದರಲ್ಲಿ, ‘ಡೇಲಿಯಾ ಮೇ ತಿಂಗಳಲ್ಲಿ ಹೂ ಬಿಡುವುದಿಲ್ಲ.’ ಐದನೆಯದರಲ್ಲಿ, ನಾಯಕ ತನ್ನ ಗೆಳೆಯನ ಹೆಣ ಗುರುತಿಸಿ ಬಂದು ಚಹಾ ಕುಡಿಯುವ ಕಡೆ, ‘ಇಷ್ಟಾದ ಮೇಲೂ ಸಕ್ಕರೆ ಕೇಳುತ್ತಾನೆಯೆ?’ ಹ್ಯಾಲಮ್ ಆ ಸಕ್ಕರೆಯನ್ನು ತೆಗೆದ. ಪತ್ರಿಕೆಯವರು ಆ ಪುಟವನ್ನೇ ಹೊಗಳಿದರು.

ಆಮೇಲೆ ಅವನು ಆ ಪೆನ್ಸಿಲಿಗಾಗಿಯೇ ಬರೆಯತೊಡಗಿದ. ಓದುವವರು ಸಾವಿರಾರು ಜನ ಇದ್ದರು. ಆದರೆ ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ತಿಳಿದು ಓದುವವರು ಒಬ್ಬರೇ. ಎಂಟನೆಯ ಪುಸ್ತಕದಲ್ಲಿ ಬೇಕೆಂದೇ ಫೆಬ್ರವರಿಯಲ್ಲಿ ಡೇಲಿಯಾ ಅರಳಿಸಿದ. ‘ಮತ್ತೆ ಅದೇ!’ ಎಂದು ಬರೆದು ಪೆನ್ಸಿಲು ಎರಡು ಗೆರೆ ಎಳೆದಿತ್ತು. ಆ ಪುಟವನ್ನು ಅವನು ಒಂದು ವಾರ ಮೇಜಿನ ಮೇಲಿಟ್ಟುಕೊಂಡಿದ್ದ. ಅದೇ ಹಸ್ತಪ್ರತಿಯೊಳಗೆ ಒಂದು ಲಾಂಡ್ರಿ ಚೀಟಿಯೂ ಸಿಕ್ಕಿತು, ಓದುತ್ತ ಗುರುತಿಗೆ ಇಟ್ಟು ಮರೆತದ್ದು. ಸೀಫರ್ಡ್ ಊರಿನ ಅಂಗಡಿ. ಒಂದು ಕಂದು ಕೋಟು. ಹೆಸರಿನ ಜಾಗದಲ್ಲಿ ‘ಮಿಸ್ ಕ್ಯೂ’ ಎಂದು ಒಂದೇ ಅಕ್ಷರ. ನಿಯಮದ ಪ್ರಕಾರ ಅದನ್ನು ವಾಪಸು ಕಳಿಸಬೇಕಿತ್ತು. ಅವನು ಕಳಿಸಲಿಲ್ಲ.

ಹೆಂಡತಿ ಮ್ಯೂರಿಯಲ್‌ಗೂ ಆ ಚೀಟಿ ತೋರಿಸಲಿಲ್ಲ. ತೋರಿಸದೆ ಇರುವುದು ಆ ಮನೆಯ ರೂಢಿ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಎಲ್ಲಿಗೆ ಹೋಗುತ್ತಾನೆ, ಯಾಕೆ ಹೋಗುತ್ತಾನೆ ಎಂದು ಅವಳು ಕೇಳುವಂತಿರಲಿಲ್ಲ. ಮೊದಲ ಪುಸ್ತಕ ಅಚ್ಚಾಗಿ ಬಂದಾಗ ಓದಿ, “ಇದು ನಡೆದದ್ದಾ?” ಎಂದು ಕೇಳಿದ್ದಳು. “ಇಲ್ಲ” ಎಂದಿದ್ದ. ಎರಡನೆಯದಕ್ಕೂ ಕೇಳಿದಳು, ಇಲ್ಲ ಎಂದ. ಮೂರನೆಯದನ್ನು ಓದಿ ಮುಚ್ಚಿಟ್ಟು, “ಊಟಕ್ಕೆ ಏನು ಮಾಡ್ಲಿ?” ಎಂದಳು. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಈಗ ಕೇಳುವವರಿದ್ದರೆ ಹೇಳಬಹುದಿತ್ತು ಎಂದು ಅವನಿಗೆ ಎಷ್ಟೋ ಬೆಳಿಗ್ಗೆ ಅನಿಸುತ್ತಿತ್ತು.

ಹೇಳಬೇಕಾದದ್ದು ಒಂದೇ. ಅದು ವಿಯೆನ್ನಾದಲ್ಲಿ, ಐವತ್ನಾಲ್ಕನೆಯ ಇಸವಿಯ ಜನವರಿಯಲ್ಲಿ ನಡೆದದ್ದು.

ಆಗ ಆ ಊರನ್ನು ನಾಲ್ಕು ದೇಶದ ಸೈನ್ಯಗಳು ಹಂಚಿಕೊಂಡಿದ್ದವು. ಅಲೋಯಿಸ್ ವೊಂದ್ರಾಕ್ ಎಂಬ ಗುಮಾಸ್ತ ರೈಲ್ವೆಯ ಸರಕು ನಿಲ್ದಾಣದಲ್ಲಿದ್ದ. ರಷ್ಯನ್ನರ ಯಾವ ಗಾಡಿ ಯಾವ ದಿನ ಏನು ಹೊತ್ತು ಹೋಯಿತು ಎಂಬುದನ್ನು ಹ್ಯಾಲಮ್‌ಗೆ ಹೇಳುತ್ತಿದ್ದವನು ಅವನೇ. ಅವನಿಗೆ ಹ್ಯಾಲಮ್ ಗೊತ್ತಿದ್ದದ್ದು ಮಾರ್ಟಿನ್ ಎಂಬ ಹೆಸರಿನಲ್ಲಿ. ಗಡಿಯಾರದ ಅಂಗಡಿಯ ಮೇಲಿನ ಕೋಣೆಯಲ್ಲಿ ಭೇಟಿ. ಬೀದಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ನೋಡುವ ಹಾಗಿಲ್ಲ. ಆ ಕೆಲಸದ ಮೊದಲ ಪಾಠವೇ ಅದು. ಎರಡು ವರ್ಷ ಹಾಗೇ ನಡೆಯಿತು.

ಆ ಬೆಳಿಗ್ಗೆ ಸಂತೆಬೀದಿಯಲ್ಲಿ ವೊಂದ್ರಾಕ್ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದ, ಕೈಯಲ್ಲಿ ಕಾಗದದ ಚೀಲ. ಮಂಜುಗಡ್ಡೆಯ ಮೇಲೆ ಕಾಲು ಜಾರಿ ದೊಪ್ಪನೆ ಬಿದ್ದ. ಚೀಲ ಹರಿದು ಈರುಳ್ಳಿ ಉರುಳಿದವು. ಹ್ಯಾಲಮ್ ಓಡಿಹೋಗಿ ಎತ್ತಿದ. ಯೋಚಿಸಲಿಲ್ಲ. ಬಿದ್ದವರನ್ನು ಎತ್ತಬೇಕು, ಉರುಳಿದ್ದನ್ನು ಹೆಕ್ಕಿ ಕೊಡಬೇಕು ಎಂದು ಬೆಳೆಸಿದ ಮನೆಯಿಂದ ಬಂದವನು. ಮಂಡಿಯೂರಿ ಒಂದೊಂದೇ ಆರಿಸಿ ಕೊಟ್ಟ. ವೊಂದ್ರಾಕ್ ಮುಖ ಬಿಳಿಚಿಕೊಂಡು, ಗುರುತಿನವರಿಗೆ ಹೇಳುವಂತೆ ಮೆಲ್ಲಗೆ, “ಹೋಗಿ, ಹೋಗಿ ನೀವು” ಎಂದ. ಎದುರಿನ ತಂಬಾಕಿನ ಗೂಡಂಗಡಿಯಲ್ಲಿ ನಿಂತಿದ್ದ ಒಬ್ಬ ಓದುತ್ತಿದ್ದ ಪತ್ರಿಕೆ ಮಡಿಚಿ ಕಂಕುಳಲ್ಲಿಟ್ಟುಕೊಂಡ.

ಒಂಬತ್ತು ದಿನ ಕಳೆದ ಮೇಲೆ ಕೆಲಸಕ್ಕೆ ಹೋದ ವೊಂದ್ರಾಕ್‌ನನ್ನು ರಷ್ಯನ್ನರು ಎತ್ತಿಕೊಂಡು ಹೋದರು, ಅವನು ಮನೆಗೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ವೊಂದ್ರಾಕ್ ಬಿದ್ದ ದಿನವೇ ಹ್ಯಾಲಮ್ ವಿಯೆನ್ನಾದ ತನ್ನ ಮನೆಗೆ ಹೋದಾಗ ಪ್ಯಾಂಟಿನ ಮಂಡಿ ಒದ್ದೆಯಾಗಿತ್ತು. “ಬಿದ್ರಾ?” ಎಂದು ಮ್ಯೂರಿಯಲ್ ಕೇಳಿದಳು. ಇಲ್ಲ ಎಂದ. ಅವಳು ಸುಮ್ಮನೆ ಬ್ರಷ್ ತಂದು ಒರೆಸಿದಳು.

ಇದನ್ನು ಏಳನೆಯ ಪುಸ್ತಕದಲ್ಲಿ ಒಮ್ಮೆ ಬರೆಯಲು ನೋಡಿದ್ದ. ವಿಯೆನ್ನಾದ ಬದಲು ಬರ್ಲಿನ್, ಈರುಳ್ಳಿಯ ಬದಲು ಸೇಬು. ಪುಟ ಪೂರ್ತಿ ಒಂದೇ ಗೆರೆಯಲ್ಲಿ ಹೊಡೆದುಹಾಕಿ ಬಂದಿತು. ಅಂಚಿನಲ್ಲಿ, ‘ಬೇಡ. ದಯವಿಟ್ಟು.’ ಆ ಪೆನ್ಸಿಲು ದಯವಿಟ್ಟು ಎಂದದ್ದು ಅದೊಂದೇ ಸಲ. ಆಫೀಸಿನ ಗುಟ್ಟಿಗೆ ಧಕ್ಕೆ ಬರುತ್ತದೆಂದು ಹೊಡೆದಿರಬೇಕು ಅಂದುಕೊಂಡು ಅವನು ಸುಮ್ಮನಾದ.

ಹನ್ನೆರಡನೆಯದರಲ್ಲಿ ಸುಮ್ಮನಾಗಲಿಲ್ಲ. ಅರವತ್ತೇಳು ವರ್ಷವಾಗಿತ್ತು, ಮನೆಯಲ್ಲಿ ಒಬ್ಬನೇ. ಇದ್ದದ್ದು ಇದ್ದ ಹಾಗೆ ಬರೆದ: ವಿಯೆನ್ನಾ, ಜನವರಿ, ಮಂಜುಗಡ್ಡೆ, ಏಳು ಈರುಳ್ಳಿ, ಪತ್ರಿಕೆ ಮಡಿಚಿದವನು. ನಾಲ್ಕು ಹಾಳೆ. ಇದು ಅಚ್ಚಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಚ್ಚಾಗಲಿ ಎಂಬ ಆಸೆಯೂ ಇರಲಿಲ್ಲ. ಹೊಡೆದುಹಾಕುವುದಕ್ಕಾದರೂ ಓದಬೇಕಲ್ಲ, ಓದಿದರೆ ತಿಳಿಯುತ್ತದೆ. ಈ ಲೋಕದಲ್ಲಿ ಒಬ್ಬರಿಗಾದರೂ ತಿಳಿದಿರಲಿ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅಕ್ಟೋಬರಿನಲ್ಲಿ ಕಟ್ಟನ್ನು ಅಂಚೆಗೆ ಒಯ್ದ.

“ಏನ್ ಮಿಸ್ಟರ್ ಹ್ಯಾಲಮ್, ಈ ಸಲ ಎಷ್ಟು ಹೆಣ?” ಎಂದಳು ಮಿಸೆಸ್ ಟಪ್ಪರ್, ತಕ್ಕಡಿಯ ಮೇಲಿಡುತ್ತ.

“ಒಂದೇ.”

“ಒಂದೇನಾ? ಅಷ್ಟಕ್ಕೆ ಇಷ್ಟು ಭಾರಾನಾ? ವಯಸ್ಸಾಯ್ತು ನಿಮಗೆ. ಹೋದ ಸಲ ಆ ದೋಣಿಲಿ ಒಂದೇ ಏಟಿಗೆ ನಾಲ್ಕು ಜನ. ನಮ್ಮನೆಯೋರು ಚಹಾ ಆರಿಸ್ಕೊಂಡು ಕೂತಿದ್ರು ಓದ್ತಾ.”

“ಈ ಸಲ ಅವರ ಚಹಾ ಆರಲ್ಲ ಬಿಡಿ.”

ಆರು ವಾರ ಕಾಯಲು ಸಿದ್ಧನಾಗಿದ್ದ. ಒಂಬತ್ತೇ ದಿನಕ್ಕೆ ಕಟ್ಟು ವಾಪಸು ಬಂತು. ಶೆಡ್ಡಿನಲ್ಲಿ ಒಲೆ ಹಚ್ಚಿ, ಪೈಪು ತುಂಬಿಸಿ ಕುಳಿತು ಬಿಚ್ಚಿದ. ಮೊದಲ ಹಾಳೆ ತಿರುಗಿಸಿದ, ಹತ್ತನೆಯದು, ನೂರನೆಯದು. ಹಸಿರು ಎಲ್ಲೂ ಇರಲಿಲ್ಲ. ಈರುಳ್ಳಿಯ ನಾಲ್ಕು ಹಾಳೆ ಅವನು ಕಳಿಸಿದಾಗ ಎಷ್ಟು ಬೆಳ್ಳಗಿದ್ದವೋ ಅಷ್ಟೇ ಬೆಳ್ಳಗಿದ್ದವು. ಅವನು ಬೇಕೆಂದೇ ಮಾರ್ಚಿನಲ್ಲಿ ಅರಳಿಸಿದ್ದ ಡೇಲಿಯಾವನ್ನೂ ಯಾರೂ ಮುಟ್ಟಿರಲಿಲ್ಲ. ಮೇಲೊಂದು ಅಚ್ಚಾದ ಚೀಟಿ: ‘ಆಕ್ಷೇಪಣೆ ಇಲ್ಲ.’ ಕೆಳಗೆ ಬಾಲ್‌ಪೆನ್ನಿನಲ್ಲಿ ಯಾರದೋ ಎರಡಕ್ಷರದ ಸಹಿ.

ಆ ಓದುವವರು ಈಗ ಅಲ್ಲಿಲ್ಲ ಎಂದು ಅವನಿಗೆ ಅರ್ಥವಾಯಿತು. ಹೊಸಬರು ಯಾರೋ ಬಂದಿದ್ದಾರೆ. ಇದು ಕಥೆ ಎಂದು ತಿಳಿದು ಕಥೆಯ ಹಾಗೆ ಓದಿ ಕಳಿಸಿದ್ದಾರೆ. ಇಪ್ಪತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದರೆ ಯಾರಿಗೂ ಕೇಳಿಸಲೇ ಇಲ್ಲ.

ಹಸ್ತಪ್ರತಿ ಪ್ರಕಾಶಕರಿಗೆ ಹೋಯಿತು. ಅವನ ಸಂಪಾದಕ ಪಿಯರ್ಸ್ ಲಾಂಗ್ಡನ್ ಹೊಸವರ್ಷದ ವಾರ ಫೋನು ಮಾಡಿದ. ಮೂವತ್ತೈದರ ಆಸುಪಾಸಿನವನು, ಮಾತು ಜೋರು, ಮನಸ್ಸು ಒಳ್ಳೆಯದು.

“ಡೆಸ್ಮಂಡ್, ಭರ್ಜರಿ ಪುಸ್ತಕ ರೀ. ಇಷ್ಟು ಚೆನ್ನಾಗಿ ನೀವು ಯಾವತ್ತೂ ಬರೆದಿಲ್ಲ. ಒಂದೇ ಒಂದು ತಕರಾರು.”

“ಹೇಳಿ.”

“ಆ ಈರುಳ್ಳಿ. ಕಾಲು ಜಾರಿ ಬಿದ್ದೋನನ್ನ ಎತ್ತಿದ್ದಕ್ಕೆ ಒಬ್ಬ ಸಾಯೋದಾ? ಯಾರು ನಂಬ್ತಾರೆ? ಓದೋರು ನಗ್ತಾರೆ ಡೆಸ್ಮಂಡ್. ಒಂದು ಸೇತುವೆ ಹಾಕಿ, ಮಂಜು ಹಾಕಿ, ಎರಡು ಗುಂಡು ಹಾರಿಸಿ. ಹತ್ತು ಪುಟ ನಿಮಗೇನು ಲೆಕ್ಕ?”

“ಹಾಗೂ ನಡೀತದೆ ಪಿಯರ್ಸ್.”

“ಎಲ್ಲಿ ನಡೀತದೆ? ನೀವು ಕಂಡಿದೀರಾ?”

ಹ್ಯಾಲಮ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಇಲ್ಲ,” ಎಂದ. “ಹದಿನೈದು ದಿನ ಟೈಮ್ ಕೊಡಿ. ಯೋಚನೆ ಮಾಡ್ತೀನಿ.”

ಫೋನಿಟ್ಟವನು ಮೇಜಿನ ಸೆಳೆಖಾನೆ ಎಳೆದು ಲಾಂಡ್ರಿ ಚೀಟಿ ತೆಗೆದ. ಆಫೀಸಿನವರನ್ನು ಹುಡುಕಿಕೊಂಡು ಹೋಗುವುದು ನಿಯಮಕ್ಕೆ ವಿರುದ್ಧ. ಹಾಗೆ ಹುಡುಕುವುದನ್ನು ಹೊಟ್ಟೆಪಾಡಿಗಾಗಿ ಕಲಿತಿದ್ದವನಿಗೆ ಅದು ಕಷ್ಟವೂ ಅಲ್ಲ. ಜನವರಿಯ ಎರಡನೆಯ ವಾರ, ದೇಶವೆಲ್ಲ ಹಿಮದಲ್ಲಿ ಹೂತಿದ್ದಾಗ, ಮೂರು ರೈಲು ಬದಲಿಸಿ ಸೀಫರ್ಡಿಗೆ ಹೋದ. ಲೈಬ್ರರಿಯಲ್ಲಿ ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೇಳಿದ. ಸೆಪ್ಟೆಂಬರಿನ ಹೂವಿನ ಪ್ರದರ್ಶನದ ಬಹುಮಾನಪಟ್ಟಿ: ಡೇಲಿಯಾ, ದೊಡ್ಡ ಹೂ, ಮೊದಲ ಬಹುಮಾನ, ಮಿಸ್ ಈನಿಡ್ ಕ್ವಿಲ್ಟರ್. ಇಂಗ್ಲಿಷಿನಲ್ಲಿ ಕ್ಯೂದಿಂದ ಶುರುವಾಗುವ ಹೆಸರು. ಅದರ ಹಿಂದಿನ ಐದು ವರ್ಷ ಆಕೆಗೆ ಮೂರನೆಯ ಬಹುಮಾನವೇ. ಈ ವರ್ಷ ಗಿಡ ನೋಡಿಕೊಳ್ಳಲು ಬಿಡುವು ಸಿಕ್ಕಿದೆ ಎಂದುಕೊಂಡ. ವಿಳಾಸ ಟೆಲಿಫೋನ್ ಪುಸ್ತಕದಲ್ಲೇ ಇತ್ತು.

ಬಾಗಿಲು ತೆರೆದವಳು ಸಣಕಲು ಹೆಂಗಸು, ಅರವತ್ತು ದಾಟಿರಬೇಕು. ಬೂದು ಬಣ್ಣದ ಉಣ್ಣೆಯಂಗಿ, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಉಗುರಿನ ಸಂದಿಯಲ್ಲಿ ಮಣ್ಣು.

“ಡೇಲಿಯಾ ಗೆಡ್ಡೆ ಕೊಡ್ತೀರಂತೆ, ಲೈಬ್ರರಿಲಿ ಹೇಳಿದ್ರು.”

“ಲೈಬ್ರರಿಯೋರಿಗೆ ಡೇಲಿಯಾಗೂ ಎಲೆಕೋಸಿಗೂ ವ್ಯತ್ಯಾಸ ಗೊತ್ತಿಲ್ಲ.” ಆಕೆ ಅವನ ಕಾಲು ನೋಡಿದಳು. “ಗೆಡ್ಡೆ ಕೇಳ್ಕೊಂಡು ಬರೋರು ಬೂಟಿಗೆ ಇಷ್ಟು ಪಾಲಿಶ್ ಹಾಕ್ಕೊಂಡು ಬರಲ್ಲ. ಜನವರಿಲಂತೂ ಯಾರೂ ಬರಲ್ಲ. ತಮ್ಮ ಹೆಸರು?”

“ಮಾರ್ಟಿನ್,” ಎಂದ. ಯಾಕೆ ಆ ಹೆಸರು ಬಾಯಿಗೆ ಬಂತೋ, ಇಪ್ಪತ್ತೆಂಟು ವರ್ಷದಿಂದ ಹೇಳಿರಲಿಲ್ಲ.

ಆಕೆ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. “ಒಳಗೆ ಬನ್ನಿ ಮಿಸ್ಟರ್ ಮಾರ್ಟಿನ್. ಬಾಗಿಲು ತೆಗೆದಿಟ್ಟು ಇಡೀ ಬೀದೀನ ಬೆಚ್ಚಗೆ ಮಾಡೋಷ್ಟು ಗ್ಯಾಸ್ ನನ್ಹತ್ರ ಇಲ್ಲ.”

ಚಿಕ್ಕ ಕೋಣೆ. ಒಂದೇ ಆರಾಮಕುರ್ಚಿ, ಅದರ ಪಕ್ಕ ಒಬ್ಬರಿಗಾಗುವ ಚಹಾದ ತಟ್ಟೆ. ಇನ್ನೊಬ್ಬರು ಬಂದರೆ ಕೂರಲು ಆಕೆ ಅಡುಗೆಮನೆಯಿಂದ ಕುರ್ಚಿ ತರಬೇಕಾಯಿತು. ಅವನಿಗೆ ಅದು ತನ್ನ ಮನೆಯೇ ಅನಿಸಿತು. ಚಹಾ ಕೊಡುತ್ತ, “ಸಕ್ಕರೆ ಬೇಡ ಅಂದ್ಕೋತೀನಿ,” ಎಂದಳು.

“ಮೊದಲೆಲ್ಲಾ ಹಾಕ್ಕೋತಿದ್ದೆ. ಯಾರೋ ಬಿಡಿಸಿದ್ರು.”

ಅವನು ಜೇಬಿನಿಂದ ಲಾಂಡ್ರಿ ಚೀಟಿ ತೆಗೆದು ತಟ್ಟೆಯ ಪಕ್ಕ ಇಟ್ಟ.

“ಅಯ್ಯೋ, ಇದು ನಿಮ್ಹತ್ರ ಇತ್ತಾ!” ಎಂದುಬಿಟ್ಟಳು. “ಆ ಕೋಟು ಬಿಡಿಸ್ಕೊಳ್ಳೋಕೆ ಆ ಲಾಂಡ್ರಿಯೋಳ ಕೈಲಿ ಎಷ್ಟು ಬೈಸ್ಕೊಂಡೆ ಗೊತ್ತಾ?” ಅಂದವಳು ತುಟಿ ಕಚ್ಚಿಕೊಂಡಳು. ಆಮೇಲೆ ನಿಧಾನವಾಗಿ ಕನ್ನಡಕ ತೆಗೆದು ಒರೆಸಿದಳು. “ನಾನು ಮೀನುಗಾರಿಕೆ ಇಲಾಖೆಲಿದ್ದೆ. ಅಂಕಿ-ಅಂಶ ವಿಭಾಗ. ಜುಲೈನಲ್ಲಿ ರಿಟೈರ್ ಆದೆ.”

“ಗೊತ್ತು,” ಎಂದ ಅವನು. ಆ ಆಫೀಸಿನವರೆಲ್ಲ ಹೊರಗೆ ಇಂಥ ಯಾವುದೋ ಒಂದು ಇಲಾಖೆಯವರೇ. ಅವನು ಮ್ಯೂರಿಯಲ್‌ಳ ಅಕ್ಕತಂಗಿಯರಿಗೆ ಇಪ್ಪತ್ಮೂರು ವರ್ಷ ಬಂದರಿನ ಸುಂಕದವನಾಗಿದ್ದ.

ಚೀಲದಿಂದ ಹಸ್ತಪ್ರತಿ ತೆಗೆದ. ಆಕೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು.

“ಬೇಡ. ನಾನೀಗ ಮುಟ್ಟೋ ಹಾಗಿಲ್ಲ. ನನಗೂ ಸಹಿ ಹಾಕಿಸ್ಕೊಂಡಿದಾರೆ.”

“ನಾಲ್ಕೇ ಹಾಳೆ.”

“ಅರ್ಧ ಹಾಳೆಯಾದ್ರೂ ಇಲ್ಲ, ಮಿಸ್ಟರ್ ಮಾರ್ಟಿನ್.”

ಅವನು ಇಷ್ಟು ದೂರ ಬಂದದ್ದು ಆ ನಾಲ್ಕು ಹಾಳೆಯನ್ನು ಒಬ್ಬರು ಓದಲಿ ಎಂದು. ಆ ಒಬ್ಬರು ಎದುರಿಗೇ ಕುಳಿತು ಒಲ್ಲೆ ಎನ್ನುತ್ತಿದ್ದರು. ಹಾಳೆಗಳನ್ನು ಮಂಡಿಯ ಮೇಲಿಟ್ಟುಕೊಂಡು, ಏನು ಮಾಡುವುದೆಂದು ತೋಚದೆ ಗ್ಯಾಸಿನ ಒಲೆಯ ನೀಲಿ ಉರಿ ನೋಡುತ್ತ ಕುಳಿತ.

ಆಕೆಯೇ ಮಾತು ತೆಗೆದಳು. “ಮೀನುಗಾರಿಕೆ ಇಲಾಖೆಲಿ ಒಬ್ಬರೇ ಬರೆದ ಹನ್ನೊಂದು ವರದಿ ಓದಿದೆ ನಾನು. ಅದಕ್ಕೂ ಮೊದಲು ಹಳೇ ಕಡತದ ಕೋಣೇಲಿದ್ದೆ. ಏಳನೇ ವರದಿಲಿ ಸೇಬು ಅಂತ ಬರೆದಿದ್ರು. ಸೇಬಲ್ಲ ಅದು. ಈರುಳ್ಳಿ. ಏಳು.”

ಹ್ಯಾಲಮ್ ತಲೆಯೆತ್ತಿದ.

“ಆವತ್ತೇ ಸಂಜೆ ಅವರೇ ಕೈಯಾರೆ ಬರೆದು ಕಡತಕ್ಕೆ ಹಾಕಿದ್ರು. ‘ಏಳು ಈರುಳ್ಳಿ ಆರಿಸಿಕೊಟ್ಟೆ’ ಅಂತ. ಯಾರೂ ಅಷ್ಟು ಚಿಕ್ಕದನ್ನೆಲ್ಲ ಬರೆಯಲ್ಲ. ಅದಕ್ಕೇ ನೆನಪಲ್ಲಿ ಉಳೀತು.”

“ಅದನ್ನ ಯಾರೂ ಓದಲೇ ಇಲ್ಲ ಅಂದ್ಕೊಂಡಿದ್ದೆ. ಹಾಗಿದ್ರೆ ನಿಮಗೆ ಗೊತ್ತಿತ್ತು.”

“ಮೊದಲನೇ ಪುಸ್ತಕದಿಂದ.”

ವರದಿ ಹೋಗಿ ಪುಸ್ತಕ ಆಗಿದ್ದನ್ನು ಇಬ್ಬರೂ ಗಮನಿಸಿದರು, ತಿದ್ದಲಿಲ್ಲ.

“ಮತ್ತೆ ಯಾಕೆ ಹೊಡೆದುಹಾಕಿದ್ರಿ? ಇಪ್ಪತ್ತು ವರ್ಷದ ಹಳೇ ಮಾತು. ಯಾವ ಗುಟ್ಟು ಉಳಿದಿತ್ತು ಅದರಲ್ಲಿ?”

“ಗುಟ್ಟು!” ಆಕೆಗೆ ರೇಗಿತು. “ಗುಟ್ಟಿಗೆ ಯಾರಾದ್ರೂ ದಯವಿಟ್ಟು ಅಂತ ಬರೀತಾರಾ? ನಿಮ್ಮ ಪುಸ್ತಕ ಜರ್ಮನ್ ಭಾಷೆಗೆ ಹೋಗುತ್ತಲ್ವಾ?”

“ಎಲ್ಲಾ ಹೋಗುತ್ತೆ.”

“ವಿಯೆನ್ನಾದ ಅಂಗಡಿಲೂ ಸಿಗುತ್ತೆ. ಅಲ್ಲಿ ಒಬ್ಬಳು ಮುದುಕಿ ಇದಾಳೆ. ತಿಂಗಳು ತಿಂಗಳು ಅವಳಿಗೆ ರೈಲ್ವೆ ನೌಕರರ ನಿಧಿಯಿಂದ ಅಂತ ಹಣ ಹೋಗುತ್ತೆ. ರೈಲ್ವೆಲಿ ಅಂಥ ನಿಧಿ ಇಲ್ಲ. ಗಂಡನ್ನ ಯಾಕೆ ಎತ್ತಾಕ್ಕೊಂಡು ಹೋದ್ರು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಯುದ್ಧದ ಕಾಲದ ಯಾವುದೋ ಹಳೇ ದ್ವೇಷ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದಾಳೆ. ಅವಳು ಓದ್ತಾಳೆ ಅಂತಿಟ್ಕೊಳ್ಳಿ. ಜನವರಿ, ಸಂತೆಬೀದಿ, ರೈಲ್ವೆ ಗುಮಾಸ್ತ, ಹರಿದ ಚೀಲ.” ಆಕೆ ಚಹಾದ ಬಟ್ಟಲನ್ನು ಕೆಳಗಿಟ್ಟಳು. “ಆವತ್ತು ಬೆಳಿಗ್ಗೆ ಅವನನ್ನ ಈರುಳ್ಳಿ ತಗೊಂಡು ಬಾ ಅಂತ ಕಳಿಸಿದ್ದು ಯಾರು ಅಂದ್ಕೊಂಡ್ರಿ?”

ಇಪ್ಪತ್ತೆಂಟು ವರ್ಷ ಆ ಬೀದಿಯನ್ನು ಹ್ಯಾಲಮ್ ಮನಸ್ಸಿನಲ್ಲೇ ದಿನಾ ನಡೆದಿದ್ದ. ಮಂಜುಗಡ್ಡೆ ನೆನಪಿತ್ತು, ಪತ್ರಿಕೆ ಮಡಿಚಿದವನ ಟೋಪಿ ನೆನಪಿತ್ತು, ತನ್ನ ತಪ್ಪು ಅಂಗೈಯಷ್ಟು ಚೆನ್ನಾಗಿ ನೆನಪಿತ್ತು. ಆ ಈರುಳ್ಳಿ ಒಂದು ಅಡುಗೆಮನೆಗೆ ಹೋಗುತ್ತಿದ್ದವು, ಅಲ್ಲಿ ಒಬ್ಬಳು ಕಾಯುತ್ತಿದ್ದಳು ಎಂದು ಒಂದು ಸಲವೂ ಹೊಳೆದಿರಲಿಲ್ಲ.

“ಹೊಸಬರು ಬಿಟ್ಟುಬಿಟ್ಟಿದಾರೆ,” ಎಂದ ಕೊನೆಗೆ. “ಒಂದು ಗೆರೆನೂ ಇಲ್ಲ.”

“ಹಳೇ ಕಡತ ತೆಗೆದು ನೋಡೋಷ್ಟು ಪುರುಸೊತ್ತು ಈಗಿನವರಿಗೆಲ್ಲಿ. ಬಿಟ್ಟಿದಾರೆ ಅಂದ್ಮೇಲೆ ನೀವು ಅಚ್ಚು ಹಾಕಿಸ್ಬಹುದು. ಯಾರೂ ಕೇಳಲ್ಲ. ನನ್ನ ಕೈಲಂತೂ ಏನೂ ಇಲ್ಲ.”

ಹೇಳಿ, ಎದ್ದುಹೋಗಿ ಕಪಾಟಿನಿಂದ ಏನೋ ತಂದು ತಟ್ಟೆಯ ಪಕ್ಕ ಇಟ್ಟಳು. ಬೆರಳುದ್ದಕ್ಕೆ ಸವೆದ ಹಸಿರು ಪೆನ್ಸಿಲು.

“ಇಲಾಖೆದು. ವಾಪಸು ಕೊಡೋದು ಮರೆತೋಯ್ತು,” ಎಂದು, “ಗೆಡ್ಡೆ ತರ್ತೀನಿ, ಹಿತ್ತಲ ಶೆಡ್ಡಲ್ಲಿ ಮರಳಿನ ಪೆಟ್ಟಿಗೇಲಿವೆ. ಹತ್ತು ನಿಮಿಷ ಆಗುತ್ತೆ,” ಎಂದು ಹೊರಗೆ ಹೋದಳು.

ಹ್ಯಾಲಮ್ ನಾಲ್ಕು ಹಾಳೆಗಳನ್ನು ಮತ್ತೊಮ್ಮೆ ಓದಿದ. ಅವನು ಬರೆದದ್ದರಲ್ಲೆಲ್ಲ ಸುಳ್ಳಿಲ್ಲದ ಹಾಳೆಗಳು ಅವೇ. ಪೆನ್ಸಿಲು ತೆಗೆದುಕೊಂಡು ಒಂದೊಂದಕ್ಕೂ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಗೆರೆ ಎಳೆದ. ಅವಳ ಗೆರೆಯಷ್ಟು ನೇರ ಬರಲಿಲ್ಲ. ಕೊನೆಯ ಹಾಳೆಯ ಅಂಚಿನಲ್ಲಿ ‘ಬೇಡ’ ಎಂದು ಬರೆದ. ಎಲ್ಲವನ್ನೂ ಚೀಲಕ್ಕೆ ಸೇರಿಸಿ, ಪೆನ್ಸಿಲನ್ನು ಇದ್ದಲ್ಲೇ ಇಟ್ಟ.

ಆಕೆ ಪತ್ರಿಕೆಯ ಹಾಳೆಯಲ್ಲಿ ಆರು ಗೆಡ್ಡೆ ಸುತ್ತಿ ತಂದಳು. ಪೆನ್ಸಿಲಿನ ಮೊನೆ ಮೊಂಡಾಗಿದ್ದನ್ನು ನೋಡಿದಳು.

“ಏಪ್ರಿಲ್ ಕೊನೇಲಿ ನೆಡಿ. ಹಿಮ ಪೂರ್ತಿ ನಿಂತ ಮೇಲೆ. ಆಗಸ್ಟಿಗೆ ಹೂವು. ಮೇ ತಿಂಗಳಲ್ಲಲ್ಲ.”

“ಫೆಬ್ರವರಿಲೂ ಅಲ್ಲ.”

“ಅದು ಬೇಕೂಂತ್ಲೇ ಬರೀತಿದ್ರಿ, ಅಲ್ವಾ?”

“ಹೌದು.”

“ಗೊತ್ತಿತ್ತು. ಆದ್ರೂ ಮೈ ಉರೀತಿತ್ತು.” ಆಕೆ ಮೊದಲ ಸಲ ನಕ್ಕಳು.

ಅವನು ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಬಾಗಿಲ ತನಕ ಬಂದು, ಮೆಟ್ಟಿಲಿಳಿದು ಗೇಟು ತೆಗೆಯಲು ಹೊರಟವಳಿಗೆ ಹೆಪ್ಪುಗಟ್ಟಿದ ಹಿಮದ ಮೇಲೆ ಕಾಲು ಜಾರಿತು. ಹ್ಯಾಲಮ್‌ನ ಕೈ ತಾನಾಗಿ ಮುಂದೆ ಹೋಯಿತು, ಮಧ್ಯದಲ್ಲಿ ನಿಂತಿತು.

“ಹಿಡೀರಿ, ಹಿಡೀರಿ,” ಎಂದಳು ಮಿಸ್ ಕ್ವಿಲ್ಟರ್, ತೋಳು ಚಾಚಿ. “ಎದುರುಮನೆಯೋಳು ನೋಡ್ತಾ ಇದಾಳೆ, ನೋಡ್ಲಿ. ಹದಿನೈದು ವರ್ಷದಿಂದ ನನ್ನ ಬಗ್ಗೆ ಹೇಳ್ಕೊಳ್ಳೋಕೆ ಅವಳಿಗೆ ಏನೂ ಸಿಕ್ಕಿಲ್ಲ.”

ಗೇಟಿನವರೆಗೆ ಹಾಗೇ ತೋಳು ಹಿಡಿದು ನಡೆದರು. ಎಂಟು ಹತ್ತು ಹೆಜ್ಜೆ ಇದ್ದಿರಬಹುದು.

“ಮತ್ತೆ ಬರಬೇಡಿ,” ಎಂದಳು ಆಕೆ. “ಈ ಭೇಟಿ ಬಗ್ಗೆ ಸೋಮವಾರ ನಾನು ಬರೆದು ತಿಳಿಸ್ಬೇಕು. ಅದೂ ಸಹಿ ಹಾಕಿದ ಕಾಗದದಲ್ಲೇ ಇದೆ.”

“ಏನಂತ ಬರೀತೀರಿ?”

“ಮಾರ್ಟಿನ್ ಅನ್ನೋರೊಬ್ಬರು ಬಂದು ಆರು ಗೆಡ್ಡೆ ತಗೊಂಡು ಹೋದ್ರು, ಬಿಡಿಗಾಸು ಕೊಡಲಿಲ್ಲ ಅಂತ.”

ಪಿಯರ್ಸ್ ಕೇಳಿದ ಸೇತುವೆ, ಮಂಜು, ಎರಡು ಗುಂಡು, ಎಲ್ಲ ಹತ್ತು ದಿನದಲ್ಲಿ ತಯಾರಾದವು. ಸೆಪ್ಟೆಂಬರಿನಲ್ಲಿ ಪುಸ್ತಕ ಬಂತು. ಹಿಂದಿನ ಹನ್ನೊಂದಕ್ಕಿಂತಲೂ ಹೆಚ್ಚು ಮಾರಾಟವಾಯಿತು. ಸೇತುವೆಯ ಮೇಲಿನ ಸಾವು ಕಣ್ಣಿಗೆ ಕಟ್ಟಿದಂತಿದೆ ಎಂದು ಪತ್ರಿಕೆಗಳು ಬರೆದವು. ಜರ್ಮನ್ ಭಾಷೆಗೂ ಹೋಯಿತು. ವಿಯೆನ್ನಾದ ಅಂಗಡಿಗಳಲ್ಲೂ ಇಟ್ಟಿದ್ದರು. ಮಿಸೆಸ್ ಟಪ್ಪರ್‌ಳ ಗಂಡ ಮತ್ತೆ ಚಹಾ ಆರಿಸಿಕೊಂಡನಂತೆ.

ಹದಿಮೂರನೆಯದನ್ನು ಹ್ಯಾಲಮ್ ಬರೆಯಲಿಲ್ಲ. ಕಾಗದ, ರಿಬ್ಬನ್ನು ತಂದಿಟ್ಟಿದ್ದ. ಒಂದೆರಡು ಬೆಳಿಗ್ಗೆ ಶೆಡ್ಡಿನಲ್ಲಿ ಕುಳಿತೂ ನೋಡಿದ. ಡೇಲಿಯಾ ಯಾವ ತಿಂಗಳಲ್ಲಿ ಅರಳಿದರೂ ಕೇಳುವವರಿಲ್ಲ ಎಂದು ಗೊತ್ತಾದ ಮೇಲೆ ಕೈ ಓಡಲಿಲ್ಲ. ಸೀಮೆಎಣ್ಣೆ ಒಲೆಯನ್ನು ಮಿಸೆಸ್ ಟಪ್ಪರ್‌ಗೆ ಕೊಟ್ಟುಬಿಟ್ಟ.

ಅವನು ಕಳೆದುಕೊಂಡದ್ದು ನಾಲ್ಕು ಹಾಳೆ, ಮತ್ತು ಬರೆಯುವ ಕೆಲಸ. ವಿಯೆನ್ನಾದ ಆ ಮುದುಕಿಗೆ ಅವಳ ಸಮಾಧಾನ ಉಳಿಯಿತು. ಆರು ಗೆಡ್ಡೆಯಲ್ಲಿ ಎರಡು ಕೊಳೆತವು, ನಾಲ್ಕು ಚಿಗುರಿ ಆಗಸ್ಟಿನಲ್ಲಿ ಕಡುಗೆಂಪು ಹೂ ಬಿಟ್ಟವು. ಆ ಏಳು ಈರುಳ್ಳಿಯ ವಿಷಯ ಬಲ್ಲವರು ಲೋಕದಲ್ಲಿ ಇಬ್ಬರು ಎಂಬುದು ಅವನಿಗೆ ಸಿಕ್ಕಿದ್ದು.